ನಾನು ರಜೆ ಕೇಳಿರಲೇ ಇಲ್ಲ

ಪ್ರೀತಿಯ ಅಪ್ಪ ಅಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರದ ಮಾತೊಂದಿದೆ, ಅದಕ್ಕೇ ಈ ಕಾಗದ.

ಕಳೆದ ಕ್ರಿಸ್ಮಸ್‌ಗೆ ಬರುತ್ತೇನೆ ಎಂದಿದ್ದೆ. ಬರಲಿಲ್ಲ. ರಜೆ ಕೊಡಲಿಲ್ಲ ಎಂದು ಹೇಳಿದೆ. ಅಮ್ಮ, ನೀನು ‘ಹೋಗಲಿ ಬಿಡು, ಕೆಲಸ ನೋಡ್ಕೋ’ ಅಂದೆ. ನಿಜ ಏನೆಂದರೆ ನಾನು ರಜೆ ಕೇಳಿರಲೇ ಇಲ್ಲ. ಈ ವಾರ ಕೇಳೋಣ, ಮುಂದಿನ ವಾರ ಕೇಳೋಣ ಅಂತ ತಳ್ಳುತ್ತಾ ಬಂದೆ. ಅಷ್ಟರಲ್ಲಿ ಜೊತೆಯವರೆಲ್ಲ ತೆಗೆದುಕೊಂಡಿದ್ದರು. ಆಫೀಸಿನವರ ತಪ್ಪು ಏನೂ ಇಲ್ಲ.

ಮೊನ್ನೆ ಭಾನುವಾರ ಚರ್ಚಿನಲ್ಲಿ ಮತ್ತಾಯ 21ನೇ ಅಧ್ಯಾಯ ಓದಿದರು. ಇಬ್ಬರು ಮಕ್ಕಳ ಕಥೆ. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗು ಎಂದಾಗ ಒಬ್ಬ ಆಗಲ್ಲ ಅಂದ, ಆಮೇಲೆ ಮನಸ್ಸು ಕರಗಿ ಹೋದ. ಇನ್ನೊಬ್ಬ ಹೋಗ್ತೀನಿ ಅಂದ, ಹೋಗಲಿಲ್ಲ. ಈ ಎರಡನೆಯವನು ಬೇಕೆಂದೇ ಸುಳ್ಳು ಹೇಳಿರಲಾರ ಅನ್ನಿಸಿತು ನನಗೆ. ಅಪ್ಪನ ಮುಖ ಬಾಡಬಾರದು ಅಂತ ಹೂಂ ಅಂದಿರಬೇಕು. ನಾನೂ ಹಾಗೇ. ನಿಮ್ಮ ದನಿ ಕೇಳಿದರೆ ಸಾಕು, ‘ಬರ್ತೀನಿ’ ಬಾಯಿಗೆ ಬಂದುಬಿಡುತ್ತದೆ. ಆ ಗಳಿಗೆಗೆ ನಿಮಗೂ ಖುಷಿ, ನನಗೂ ಖುಷಿ. ಆಮೇಲೆ ದಾರಿ ಕಾಯುವುದು ಮಾತ್ರ ನಿಮ್ಮ ಪಾಲಿಗೆ.

ಅಪ್ಪ, ನೀವು ನನ್ನ ಪರ ವಹಿಸುತ್ತೀರಿ ಅಂತ ಗೊತ್ತು. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಬರುತ್ತೇನೆಂದು ಹೇಳಿ ಹೋಗಲಿಲ್ಲವಲ್ಲ ಅನ್ನುತ್ತೀರಿ. ಹೌದು, ಆದರೆ ‘ನಿಮ್ಮನ್ನು ನೋಯಿಸಬಾರದೆಂದೇ ಬರಲಿಲ್ಲ’ ಅಂತ ಅವನು ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದ. ನಾನು ನೆಪ ಹೇಳಿದೆ.

ಪರದೇಶದಲ್ಲಿ ಕೂತು ಓದಿದರೆ ಯೋಸೇಫನ ಕೊನೆಗಾಲದ ಕಥೆ ಬೇರೆಯೇ ಥರ ತಟ್ಟುತ್ತದೆ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, 110 ವರ್ಷದ ಮುದುಕನಾಗಿ ಸಾಯುವಾಗ ತನ್ನ ಜನರಾದ ಇಸ್ರಾಯೇಲ್ಯರಿಂದ ಪ್ರಮಾಣ ಮಾಡಿಸಿದ: ದೇವರು ನಿಮ್ಮನ್ನು ಇಲ್ಲಿಂದ ಕರೆದೊಯ್ಯುವಾಗ ನನ್ನ ಎಲುಬುಗಳನ್ನೂ ತೆಗೆದುಕೊಂಡು ಹೋಗಿ. ಹೋಗುವುದು ಖಂಡಿತ ಅಂತ ಅವನಿಗೆ ಎಂಥ ನಂಬಿಕೆ ನೋಡಿ! ಪ್ರಮಾಣ ಮಾಡಿದವರು ಸತ್ತರು. ಅವರ ವಂಶದವರು ಗುಲಾಮರಾದರು. ಕಡೆಗೆ ಹೊರಟ ರಾತ್ರಿ, ಕಲಸಿದ ಹಿಟ್ಟು ಹುಳಿ ಬರುವವರೆಗೆ ಕಾಯಲೂ ಪುರುಸೊತ್ತಿರಲಿಲ್ಲ. ಅಂಥ ಗಡಿಬಿಡಿಯಲ್ಲೂ ಅವರನ್ನು ಕರೆದೊಯ್ದ ಮೋಶೆ ಆ ಎಲುಬುಗಳನ್ನು ಮರೆಯಲಿಲ್ಲ. ಅಡವಿಯಲ್ಲಿ 40 ವರ್ಷ ಹೊತ್ತು ತಿರುಗಿದರು. ಮೋಶೆಯೂ ತೀರಿಕೊಂಡ. ಕೊನೆಗೆ ಸ್ವಂತ ನಾಡಿನ ಶೆಕೆಮಿನಲ್ಲಿ ಅವನ್ನು ಹೂಳಿದ ಸುದ್ದಿ ಬರುವುದು ಯೆಹೋಶುವನ ಪುಸ್ತಕದ ಕಡೇ ಅಧ್ಯಾಯದಲ್ಲಿ. ದಾರಿಯಲ್ಲಿ ಎಲ್ಲೋ ಬಿಟ್ಟಿದ್ದರೆ ಯಾಕಪ್ಪಾ ಅಂತ ಕೇಳಲು ಯೋಸೇಫ ಎದ್ದು ಬರುತ್ತಿದ್ದನಾ? ಇಲ್ಲಿ ನನಗೆ ಒಂದು ರಜೆ ಅರ್ಜಿ ಬರೆಯಲು ಆಗಲಿಲ್ಲ.

ಅಮ್ಮ, ತಂಗಿಗೆ ಇನ್ನೂ ಕೆಲಸ ಸಿಗಲಿಲ್ಲ ಅಂತ ನೊಂದುಕೊಂಡು, ಯೆರೆಮೀಯ 29ರ 11ನೇ ವಚನ ಹೇಳಿ, ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ, ನಿರೀಕ್ಷೆ ಕೊಡುತ್ತೇನೆ ಎಂಬ ಆ ವಾಗ್ದಾನ ಎಲ್ಲಿ ಹೋಯಿತು ಎಂದೆಯಲ್ಲ. ನಾನು ಸುಮ್ನೆ ‘ಎಲ್ಲ ಸರಿಹೋಗುತ್ತೆ’ ಅಂದುಬಿಟ್ಟೆ. ಆ ರಾತ್ರಿ ಅದರ ಹಿಂದಿನ ವಚನವನ್ನೂ ಓದಿದೆ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. 10ನೇ ವಚನದಲ್ಲಿ 70 ವರ್ಷ ಆದ ಮೇಲೆ ಊರಿಗೆ ಕರೆತರುತ್ತೇನೆ ಅಂತ ಸ್ಪಷ್ಟವಾಗಿದೆ. ಅದಕ್ಕೂ ಮುಂಚೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಎಂದಿದೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿಯೊಬ್ಬ ಎಲ್ಲರ ಮುಂದೆ ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂದಿದ್ದ. ಕೇಳಿದವರಿಗೆ ಎಷ್ಟು ಹಿತವಾಗಿರಬೇಕು! ಅದು ಸುಳ್ಳಾಗಿತ್ತು.

ನಾನು ಇಷ್ಟು ದಿನ ನಿಮಗೆ ಹನನ್ಯನ ಲೆಕ್ಕ ಹೇಳುತ್ತಿದ್ದೆ. ದೇವರ ಮಾತಿನ ಮೇಲೆ ನನಗೆ ನಂಬಿಕೆ ಜಾಸ್ತಿಯಾದದ್ದು ಆ 70 ನೋಡಿಯೇ. ಕಹಿಯಾದರೂ ಮುಚ್ಚಿಡಲಿಲ್ಲ ಅವನು. ತಂಗಿಗೆ ಇಂಥ ದಿನ ಕೆಲಸ ಸಿಗುತ್ತದೆ ಅಂತ ಆ ವಚನದಲ್ಲಿ ಎಲ್ಲೂ ಇಲ್ಲ ಅಮ್ಮ. ದೇವರು ಅವಳನ್ನು ಕೈಬಿಡುವುದಿಲ್ಲ ಅನ್ನುವುದನ್ನು ಮಾತ್ರ ನಾನು ನಂಬುತ್ತೇನೆ. ಅವಳಿಗೂ ಹೀಗೇ ಹೇಳು.

ಈ ಸಲ ಸೋಮವಾರವೇ ಅರ್ಜಿ ಹಾಕಿದ್ದೇನೆ. ಉತ್ತರ ಬಂದಿಲ್ಲ. ಟಿಕೆಟ್ ಕೈಗೆ ಬರುವ ತನಕ ಬರ್ತೀನಿ ಅನ್ನುವುದಿಲ್ಲ, ನೀವೂ ಯಾರಿಗೂ ಹೇಳಬೇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡುತ್ತೇನೆ, ಇದು ನನ್ನ ಕೈಯಲ್ಲಿರುವ ಕೆಲಸ. ಬೈಯುವುದಿದ್ದರೆ ಆಗ ಬೈಯಿರಿ. ಮೊದಲು ಅಪ್ಪನ ಕೈಗೆ ಫೋನ್ ಕೊಡು ಅಮ್ಮ, ನಿನ್ನ ಹತ್ತಿರ ಬೈಸಿಕೊಳ್ಳಲು ಸ್ವಲ್ಪ ಧೈರ್ಯ ಬೇಕು.

ನಿಮ್ಮ ಮಗ