ಸತೀಶಂಗೊಂದು ಪತ್ರ: ಮಂಡೀಲಿ ಕೂತು ಓದಿದ್ದು

ಸತೀಶ,

ಮೊದ್ಲು ಬೈಸ್ಕೊ. ಗೃಹಪ್ರವೇಶಕ್ಕೆ ಬಂದೋನು ಎಲ್ಲರ ಹಾಗೆ ಗೋಡೆ ಗಡಿಯಾರನೋ ಸ್ಟೀಲ್ ಡಬ್ಬಿ ಸೆಟ್ಟೋ ಕೊಟ್ಟು ಊಟ ಮಾಡ್ಕೊಂಡು ಹೋಗೋದು ಬಿಟ್ಟು ನಾಲ್ಕು ಪುಸ್ತಕ ಇಟ್ಟು ಹೋದೆ ನೋಡು, ಅದ್ರಿಂದ ನನ್ನ ಈ ಮಳೆಗಾಲ ಪೂರ್ತಿ ಕೆಟ್ಟೋಯ್ತು. ನಮ್ಮನೆಯವಳು ಅದನ್ನ ಟಿವಿ ಕೆಳಗಿನ ಶೋಕೇಸಲ್ಲಿ ಗಣಪತಿ ಪಕ್ಕ ಜೋಡಿಸಿಟ್ಟಿದ್ಲು, ಒಂದು ತಿಂಗಳು ಅಲ್ಲೇ ಇತ್ತು. ಜೂನಲ್ಲಿ ಮಳೆ ಹಿಡೀತು, ಅಡಿಕೆ ಮಂಡೀಲಿ ಆವಕ ಕಮ್ಮಿ ಆಯ್ತು, ಕರೆಂಟಿನ ಕತೆ ಕೇಳೋದೇ ಬೇಡ, ಒಂದಿನ ಮೊಬೈಲ್ ಚಾರ್ಜೂ ಸತ್ತು ಬೇರೆ ದಾರಿ ಇಲ್ದೆ ಒಂದನ್ನ ಕೈಗೆ ತಗೊಂಡೆ.

ನಾನೊಂದು ಕಾದಂಬರಿನ ಕೊನೆ ಪುಟದವರೆಗೂ ಓದಿ ಇಪ್ಪತ್ತು ವರ್ಷದ ಮೇಲೇ ಆಗಿತ್ತೇನೋ ಕಣೋ. ಕಾಲೇಜ್ ಲೈಬ್ರರೀಲಿ ತೇಜಸ್ವಿ ಪುಸ್ತಕ ಯಾರು ಮೊದ್ಲು ತಗೋಬೇಕು ಅಂತ ನೀನು ನಾನು ಕಾರ್ಡ್ ಕಿತ್ತಾಡ್ಕೊಂಡಿದ್ದು ನೆನಪಿದ್ಯಾ? ಆಮೇಲೆ ನೀನು ಬೆಂಗಳೂರು ಬಸ್ ಹತ್ತಿದೆ, ನಾನು ಅಪ್ಪನ ಪಕ್ಕ ಮಂಡೀಲಿ ಕೂತೆ, ಅಲ್ಲಿಂದೀಚೆಗೆ ನಾನು ಓದಿದ್ದು ಅಂದ್ರೆ ಪೇಪರ್ನಲ್ಲಿ ಅಡಿಕೆ ಧಾರಣೆ, ಜಿಎಸ್‌ಟಿ ನೋಟಿಸು, ವಾಟ್ಸಾಪಲ್ಲಿ ಗುಡ್ ಮಾರ್ನಿಂಗು. ಹಂಗಾಗಿ ಇದನ್ನ ವಿಮರ್ಶೆ ಗಿಮರ್ಶೆ ಅಂತ ತಿಳ್ಕೋಬೇಡ, ಅದೆಲ್ಲ ನಂಗೆ ಬರಲ್ಲ. ಫೋನಲ್ಲಿ ಹೇಳಣ ಅಂದ್ರೆ ನೀನು ಯಾವಾಗ್ಲೂ ಮೀಟಿಂಗಲ್ಲಿ, ಅದಕ್ಕೇ ಬರೀತಿದೀನಿ.

ತೆಳ್ಳಗಿದೆ ಅಂತ ಮೊದ್ಲು ತಗೊಂಡಿದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಎರಡು ಮಧ್ಯಾಹ್ನದಲ್ಲಿ ಮುಗೀತು. ಮುಗಿದ್ಮೇಲೆ ಗಲ್ಲಾ ಮುಂದೆ ಹಂಗೇ ಕೂತಿದ್ದೆ, ಗುಮಾಸ್ತ ಬಂದು "ಅಣ್ಣ, ಹುಷಾರಿಲ್ವಾ" ಅಂದ. ಏನು ಹೇಳೋದು ಅವನಿಗೆ? ಯಾರೋ ನಮ್ಮನೆ ಒಳಗೆ ಬಂದು ಹೋಗಿದಾರೆ ಕಣಯ್ಯ ಅನ್ಬೇಕಾ?

ಆ ಮನೆ ನೋಡು. ಟೀಪುಡಿ ಮಾರೋ ಅಪ್ಪನ ಸಂಬಳದಲ್ಲಿ, ಇರುವೆ ತುಂಬಿದ ಸಣ್ಣ ಮನೇಲಿ ಎಲ್ರೂ ಮೈಗೆ ಮೈ ತಾಗಿಸ್ಕೊಂಡು ಬದುಕ್ತಿರ್ತಾರೆ, ಚಿಕ್ಕಪ್ಪ ಸೋನಾ ಮಸಾಲೆ ಶುರು ಮಾಡ್ತಾನೆ, ದುಡ್ಡು ಬರುತ್ತೆ, ದೊಡ್ಡ ಮನೆ ಆಗುತ್ತೆ. ಕತೆ ಹೇಳೋನು ಹೆಸರಿಗೆ ಡೈರೆಕ್ಟರ್, ಮಾಡಕ್ಕೆ ಕೆಲಸ ಇಲ್ಲ, ಕಾಫಿ ಹೌಸಲ್ಲಿ ಕೂತು ವಿನ್ಸೆಂಟ್ ಅನ್ನೋ ವೇಟರ್ ಏನಾದ್ರೂ ಹೇಳ್ತಾನಾ ಅಂತ ಕಾಯೋದು ಒಂದೇ ಉದ್ಯೋಗ. ನಮ್ಮ ದುರ್ಗಿಗುಡಿ ಮನೆಗೆ ನೀನು ಬರ್ತಿದ್ದೆಯಲ್ಲ, ಒಂದೇ ಬಚ್ಚಲು, ಅಜ್ಜಿ ಕೆಮ್ಮಿದ್ರೆ ಅಟ್ಟದ ಮೇಲೆ ಮಲಗಿದ್ದ ನಂಗೆ ಎಚ್ಚರ ಆಗ್ತಿತ್ತು. ಅಮ್ಮ ಅಪ್ಪನ ಮೇಲೆ ಮುನಿಸ್ಕೊಂಡ್ರೆ ಅವತ್ತಿನ ಸಾರಿನ ಉಪ್ಪಲ್ಲೇ ಮನೆಗೆಲ್ಲ ಗೊತ್ತಾಗ್ತಿತ್ತು. 2014ರಲ್ಲಿ ರಾಶಿ ಅಡಿಕೆ ಧಾರಣೆ ಎದ್ದು ಕೂತಿತಲ್ಲ, ಅಲ್ಲಿಂದ ನಮ್ಮನೆ ನಡೆನೇ ಬೇರೆ ಆಯ್ತು. ಈಗ ವಿನೋಬನಗರದ ಈ ಹೊಸ ಮನೇಲಿ ನಾಲ್ಕು ರೂಮಿಗೆ ನಾಲ್ಕು ಬಾತ್ರೂಮು, ಯಾರು ಅತ್ರೂ ಯಾರಿಗೂ ಕೇಳಲ್ಲ, ಅಷ್ಟು ಒಳ್ಳೆ ಬಾಗಿಲು ಹಾಕ್ಸಿದೀನಿ.

ಆ ಪುಸ್ತಕದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಜಾಗ. ಚಿಕ್ಕಪ್ಪನ್ನ ಹುಡುಕ್ಕೊಂಡು ಒಬ್ಳು ಹೆಂಗಸು ಮನೆ ಬಾಗಿಲಿಗೆ ಬರ್ತಾಳೆ, ಕೈಯಲ್ಲಿ ಅವನಿಗೆ ಅಂತ ಮಾಡ್ಕೊಂಡು ಬಂದ ಬೇಳೆ ಅಡುಗೆ. ಮನೆ ಹೆಂಗಸರು ಸೇರ್ಕೊಂಡು ಅವಳನ್ನ ಬೈದು ಅಟ್ತಾರೆ, ಚಿಕ್ಕಪ್ಪ ಒಳಗಿಂದ ಆಚೆ ಬರಲ್ಲ, ಕತೆ ಹೇಳೋ ಮಹಾರಾಯ ನೋಡ್ತಿರ್ತಾನೆ. ಹೊಸದಾಗಿ ಬಂದ ಸೊಸೆ ಅನಿತಾಗೆ ಮಾತ್ರ ಇದು ತಪ್ಪು ಅನ್ಸುತ್ತೆ. ಉಳಿದೋರಿಗೆಲ್ಲ ಅದು ಮನೆ ಮರ್ಯಾದೆ ವಿಷಯ, ಅಂದ್ರೆ ಅನ್ನ ಹಾಕೋನ ವಿಷಯ. ಅನ್ನ ಹಾಕೋನು ಯಾರೋ ಅವನ ಕಡೆಗೆ ಮನೆ ಹೆಂಗೆ ವಾಲುತ್ತೆ ಅನ್ನೋದನ್ನ ನಾನು ದಿನಾ ನೋಡ್ತೀನಿ ಸತೀಶ, ಯಾಕಂದ್ರೆ ಈಗ ಅನ್ನ ಹಾಕೋನು ನಾನೇ. ನಾನು ಬೈದ್ರೂ ನಗ್ತಾರೆ. ಮೊದ್ಲು ನಂಗೆ ಅದು ಪ್ರೀತಿ ಅನ್ನಿಸ್ತಿತ್ತು.

ಪುಸ್ತಕದ ಹೆಸರು ನೋಡಿ ನಾನು ಇದೇನೋ ಮಂತ್ರವಾದದ ಕತೆ ಅನ್ಕೊಂಡಿದ್ದೆ ಮಾರಾಯ. ನೋಡಿದ್ರೆ ಅನಿತಾ ಮನೇಲಿ ಚಿಕ್ಕಂದಲ್ಲಿ ಹುಟ್ಟಿಸ್ಕೊಂಡ ಪದ, ಬಿಡಿಸಕ್ಕಾಗದ ಹಂಗೆ ಸಿಕ್ಕು ಬಿದ್ದಿರೋದಕ್ಕೆ ಅವರು ಹೇಳೋದು. ಮೊನ್ನೆ ಗುಮಾಸ್ತ ಹಳೇ ಬಾಕಿ ಲೆಕ್ಕ ತಂದು ಮುಂದಿಟ್ಟಾಗ ನನ್ನ ಬಾಯಲ್ಲಿ ಅದೇ ಬಂತು. ಅವನು ಅದು ಯಾವ್ದೋ ಹೊಸ ಟ್ಯಾಕ್ಸ್ ಇರ್ಬೇಕು ಅಂತ ಗಾಬರಿ ಆದ. ಒಂದೇ ತಕರಾರು, ಆ ಕೊನೆ. ಪುಟ ಹರಿದೋಗಿದ್ಯೇನೋ ಅಂತ ನಾನು ನಿಜವಾಗ್ಲೂ ಬೈಂಡಿಂಗ್ ತಿರುಗ್ಸಿ ನೋಡ್ದೆ. ಅನಿತಾಗೆ ಏನಾಯ್ತು ಅಂತ ಬರೆದೋರು ಹೇಳಲ್ಲ, ವಿನ್ಸೆಂಟ್ ಒಂದು ಮಾತು ಹೇಳ್ತಾನೆ ಅಷ್ಟೇ. ಬೈಕೊಂಡೆ. ಮೂರು ದಿನ ಬಿಟ್ಟು ಸ್ನಾನ ಮಾಡ್ವಾಗ ಆ ಮಾತು ಇದ್ದಕ್ಕಿದ್ದಂಗೆ ತಲೇಲಿ ತಿರುಗ್ತು, ಚೊಂಬು ಕೈಲೇ ಉಳೀತು.

ಶಾನಭಾಗರದ್ದೇ 'ಸಕೀನಾಳ ಮುತ್ತು' ಇದಾದ ತಕ್ಷಣ ಓದಿದ್ದು ತಪ್ಪಾಯ್ತು ಅನ್ಸುತ್ತೆ. ಅಲ್ಲೂ ಒಬ್ಬ ಅಪ್ಪ, ವೆಂಕಟರಮಣ, ತಾನು ಬಹಳ ಮುಂದುವರಿದ ಮನುಷ್ಯ ಅನ್ಕೊಂಡಿರ್ತಾನೆ, ಬದುಕು ಸುಧಾರಿಸ್ಕೊಳ್ಳೋ ಪುಸ್ತಕ ಎಲ್ಲ ಓದಿರ್ತಾನೆ, ಮಗಳು ರೇಖಾನ್ನ ಕೇಳ್ಕೊಂಡು ಇಬ್ರು ಹುಡುಗ್ರು ಬಾಗಿಲಿಗೆ ಬಂದ ತಕ್ಷಣ ಒಳಗಿರೋ ಹಳೇ ಯಜಮಾನ ಎದ್ದು ಕೂತ್ಕೋತಾನೆ. ಮಗಳು ಇರೋದು ಫೋನ್ ಸಿಗ್ನಲ್ ಸಿಗದ ಊರಲ್ಲಿ. ನನ್ನ ಮಗಳು ಪಿಯುಸಿ ಅಂತ ನಿಂಗೆ ಗೊತ್ತಲ್ಲ, ಟ್ಯೂಷನಿಂದ ಹತ್ತು ನಿಮಿಷ ಲೇಟಾದ್ರೆ ನಾನು ಗೇಟ್ ಹತ್ರ ಗಿಡಕ್ಕೆ ನೀರು ಹಾಕೋ ನಾಟಕ ಮಾಡ್ತೀನಿ, ಮಳೆ ಬರ್ತಿದ್ರೂ. ಅವಳು "ಅಪ್ಪ, ಮಳೇಲಿ ನೀರು ಹಾಕ್ತಿದೀಯ" ಅಂತ ಹೇಳಿ ಒಳಗೆ ಹೋದ್ಲು ಮೊನ್ನೆ. ಅಷ್ಟೇ ಹೇಳ್ತೀನಿ ಆ ಪುಸ್ತಕದ ಬಗ್ಗೆ. ಇನ್ನೊಂದ್ಸಲ ಓದ್ಬೇಕು, ಹಳೇ ಕಾಲದ ಮಾವನ ಭಾಗ ನಂಗೆ ಪೂರ್ತಿ ದಕ್ಕಿಲ್ಲ.

ವಸುಧೇಂದ್ರರ 'ತೇಜೋ ತುಂಗಭದ್ರಾ' ಮಾತ್ರ ಹಬ್ಬ. ಒಂದ್ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದ್ಕಡೆ ವಿಜಯನಗರದ ತುಂಗಭದ್ರೆ, ನಡುವೆ ಹಡಗು, ಗೋವಾ. ತುಂಗೆ ನೀರು ಕುಡ್ದು ಬೆಳೆದೋರು ನಾವು, ಲಿಸ್ಬನ್ನಲ್ಲಿ ಯಹೂದಿಗಳನ್ನ ಹಂಗೆ ಕೊಂದಿದ್ರು ಅನ್ನೋದು ಈ ವಯಸ್ಸಲ್ಲಿ ಒಂದು ಕನ್ನಡ ಕಾದಂಬರಿಯಿಂದ ಗೊತ್ತಾಗ್ಬೇಕಾ! ಆದ್ರೆ ನಾನು ವ್ಯಾಪಾರಸ್ಥ ನೋಡು, ನನ್ನ ಕಣ್ಣೆಲ್ಲ ಕಾಳುಮೆಣಸಿನ ಮೇಲೆ. ವಾಸ್ಕೋ ಡ ಗಾಮ 1498ರಲ್ಲಿ ಬಂದ, 1510ರಲ್ಲಿ ಗೋವಾ ಅವರ ಕೈಗೆ ಹೋಯ್ತು ಅಂತ ಹೈಸ್ಕೂಲಲ್ಲಿ ಬಾಯಿಪಾಠ ಹೊಡೆದಿದ್ವಿ, ಅಷ್ಟು ಜನ ಸಮುದ್ರದಲ್ಲಿ ಸತ್ತಿದ್ದು ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬೋ ಈ ಬಳ್ಳಿಗಾಗಿ ಅಂತ ಯಾವ ಮೇಷ್ಟ್ರೂ ಹಿಂಗೆ ಹೇಳಿರ್ಲಿಲ್ಲ. ಮಂಡೀಲಿ ಒಂದು ಮೆಣಸಿನ ಚೀಲ ಇತ್ತು, ಎದ್ದೋಗಿ ಒಂದು ಹಿಡಿ ತೆಗೆದು ಮೂಸಿ ನೋಡ್ದೆ, ಹುಚ್ಚ ಅಂತಿಯೇನೋ. ಕೆಲವು ಕಡೆ ರಕ್ತ ಜಾಸ್ತಿ ಆಯ್ತು, ಒಂದಾದ್ಮೇಲೆ ಒಂದು ಕ್ರೌರ್ಯ ಬಂದಾಗ ಮನಸ್ಸು ಮರಗಟ್ಟುತ್ತೆ. ಆದ್ರೂ ಅಷ್ಟು ದಪ್ಪ ಪುಸ್ತಕನ ಐದು ದಿನದಲ್ಲಿ ಮುಗ್ಸಿದೆ.

ಈಗ ನಾಲ್ಕನೇದು. ಬಾನು ಮುಷ್ತಾಕ್. ಇದನ್ನ ಬರಿಯಕ್ಕೇ ಈ ಪತ್ರ ಶುರು ಮಾಡಿದ್ದು, ಇಲ್ಲಿಗೆ ಬರಕ್ಕೆ ಇಷ್ಟು ಸುತ್ತು ಹಾಕಿದೆ.

ನೀನು ತಂದಿದ್ದು ಇಂಗ್ಲಿಷಿನ 'ಹಾರ್ಟ್ ಲ್ಯಾಂಪ್'. ಹಾಸನದೋರು ಕನ್ನಡದಲ್ಲಿ ಬರೆದಿದ್ದನ್ನ ಶಿವಮೊಗ್ಗದೋನು ಇಂಗ್ಲಿಷಲ್ಲಿ ಓದೋ ಕರ್ಮ ಏನು ಅಂತ ನಿಂಗೆ ಬೈಕೊಂಡೇ ಶುರು ಮಾಡ್ದೆ. 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೂ ಎಲ್ಲರ ಹಂಗೆ ಸ್ಟೇಟಸ್ ಹಾಕಿದ್ವಿ, ಓದಿರ್ಲಿಲ್ಲ. ಬಹುಮಾನ 50,000 ಪೌಂಡು, ಬರೆದೋರಿಗೆ ಅರ್ಧ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೆ ಅರ್ಧ, ಆ ಲೆಕ್ಕ ಮಾತ್ರ ಮಂಡಿಯೋನಿಗೆ ಇಷ್ಟ ಆಗಿತ್ತು. ಓದಿದ್ರೆ ಆ ಇಂಗ್ಲಿಷ್ ನಮ್ಮ ಬಾಯಿಗೆ ಹತ್ತೋ ಇಂಗ್ಲಿಷು, ಕನ್ನಡ ಉರ್ದು ಮಾತೆಲ್ಲ ಹಂಗಂಗೇ ಇದೆ, ಕೆಳಗೆ ಅರ್ಥ ಕೊಡೋ ಅಡಿಟಿಪ್ಪಣಿ ಇಲ್ಲ. ಒಟ್ಟು 12 ಕತೆ. ಮುಂಜಿ, ಅಂದ್ರೆ ಸುನ್ನತಿ, ಮಾಡ್ಸೋ ಕತೆ ಓದಿ ಜೋರಾಗಿ ನಕ್ಕೆ, ನಗ್ತಾ ನಗ್ತಾ ಕೊನೇಲಿ ಬಡವರ ಹುಡುಗಂಗೆ ಬೇಗ ಗಾಯ ವಾಸಿ ಆಗೋ ಹೊತ್ತಿಗೆ ನಗು ಎಲ್ಲಿ ಹೋಯ್ತೋ. ಹೆಂಡ್ತಿ ಹೆಸರಲ್ಲಿ ಮಹಲ್ ಕಟ್ಟಿಸ್ತೀನಿ ಅನ್ನೋ ಗಂಡನೊಬ್ಬ ಇದಾನೆ, ಶಾಯಿಸ್ತಾ ಮಹಲ್. ಅವಳು ಸತ್ತು ಎಷ್ಟು ದಿನಕ್ಕೆ ಇನ್ನೊಂದು ಮದುವೆ ಆದ ಅಂತ ನೀನೇ ಓದ್ಕೊ. ಮಸೀದಿ ಆಡಳಿತ ನೋಡ್ಕೊಳ್ಳೋ ಮುತವಲ್ಲಿ ಹತ್ರ ನ್ಯಾಯ ಕೇಳಕ್ಕೆ ಮಗು ಎತ್ಕೊಂಡು ಹೋಗೋ ಹೆಂಗಸಿನ ಕತೆ ಮಾತ್ರ ಮೊದ್ಲೇ ಗೊತ್ತಿತ್ತು, ಗಿರೀಶ ಕಾಸರವಳ್ಳಿ 'ಹಸೀನಾ' ಅಂತ ಸಿನಿಮಾ ಮಾಡಿದ್ರಲ್ಲ, ತಾರಾಗೆ ನ್ಯಾಷನಲ್ ಅವಾರ್ಡ್ ಬಂದಿತ್ತು.

ಆಮೇಲೆ ಪುಸ್ತಕಕ್ಕೆ ಹೆಸರು ಕೊಟ್ಟ ಕತೆ 'ಎದೆಯ ಹಣತೆ' ಬಂತು. ಗಂಡ ಇನ್ನೊಬ್ಳ ಹಿಂದೆ ಹೋಗಿದಾನೆ ಅಂತ ಮೆಹರುನ್ ಕಂಕುಳಲ್ಲಿ ಕೂಸು ಇಟ್ಕೊಂಡು ತವರಿಗೆ ಬರ್ತಾಳೆ. ಅಣ್ಣ ತಮ್ಮಂದ್ರು ಏನಂತಾರೆ ಗೊತ್ತಾ, ಮಾನ ಇದ್ದಿದ್ರೆ ಅಲ್ಲೇ ಬೆಂಕಿ ಹಚ್ಕೊಂಡು ಸಾಯ್ಬೇಕಿತ್ತು, ಇಲ್ಲಿಗ್ಯಾಕೆ ಬಂದೆ ಅಂತ. ಅಂದು, ಅವಳನ್ನ ಗಾಡೀಲಿ ಕೂರಿಸ್ಕೊಂಡು ವಾಪಸ್ ಗಂಡನ ಮನೆಗೆ ಬಿಡಕ್ಕೆ ಹೋಗ್ತಾರೆ.

ಆ ಪುಟದಲ್ಲಿ ಪುಸ್ತಕ ಮುಚ್ಚಿದೆ.

ನಿಂಗೆ ಇದು ಗೊತ್ತಿಲ್ಲ, ಆಗ ನೀನು ಬೆಂಗಳೂರಲ್ಲಿದ್ದೆ. ನಮ್ಮಕ್ಕ ಒಂದ್ಸಲ ಸಾಗರದಿಂದ ಬಂದಿದ್ಲು, ಎರಡು ವರ್ಷದ ಮಗೂನ ಕರ್ಕೊಂಡು, ಒಂದು ಚೀಲದಲ್ಲಿ ಬಟ್ಟೆ. ಕಾರಣ ಮೆಹರುನ್‌ದಲ್ಲ, ಬೇರೆ, ಬರಿಯಲ್ಲ. ಆರು ದಿನ ಇದ್ಲು. ಅಮ್ಮ ಅಡುಗೆ ಮನೇಲಿ ಸೆರಗಲ್ಲಿ ಮುಖ ಒರೆಸ್ಕೊಳ್ತಾ ಇರೋದು, ಅಪ್ಪ ಮಂಡಿಯಿಂದ ಲೇಟಾಗಿ ಬರೋದು. ಏಳನೇ ದಿನ ಬೆಳಿಗ್ಗೆ ಅಪ್ಪ ನಂಗೆ ಒಮ್ನಿ ಕೀ ಕೊಟ್ಟು "ಅಕ್ಕನ್ನ ಬಿಟ್ಟು ಬಾ" ಅಂದ್ರು. ನಂಗೆ ಇಪ್ಪತ್ತಾರು ವರ್ಷ. ಗಾಡಿ ಹೊಸದು, ಓಡ್ಸಕ್ಕೆ ನೆಪ ಸಿಕ್ಕಿದ್ರೆ ಸಾಕಿತ್ತು, ಹೇಳಕ್ಕೆ ನಾಚಿಕೆ ಆಗುತ್ತೆ. ಆಯನೂರು ದಾಟಿ ಸ್ವಲ್ಪ ದೂರ ಹೋದ್ಮೇಲೆ "ನಿಲ್ಸೋ" ಅಂದ್ಲು. ವಾಂತಿ ಬರ್ತಿರ್ಬೇಕು ಅಂತ ಸೈಡಿಗೆ ಹಾಕ್ದೆ. ಇಳಿದು ಸುಮ್ನೆ ರಸ್ತೆ ಪಕ್ಕ ನಿಂತ್ಲು, ಗದ್ದೆ ಕಡೆ ಮುಖ ಮಾಡಿ, ಐದು ನಿಮಿಷ ಇರ್ಬೋದು. ಆಮೇಲೆ ತಾನೇ ಬಂದು ಕೂತ್ಲು. ನಾನು ಯಾಕೆ ಅಂತ ಕೇಳ್ಲಿಲ್ಲ. ಬಾಗಿಲಲ್ಲಿ ಬಿಟ್ಟು, ಭಾವ ಕೊಟ್ಟ ಕಾಫಿ ಕುಡ್ದು, ಕತ್ತಲಾಗೋದ್ರೊಳಗೆ ಮನೆ ಸೇರಿದೆ.

ಈಗ ಎಲ್ಲ ಸರಿ ಇದೆ ಅಂತ ನಾವು ಹೇಳ್ತೀವಿ. ಆ ಮಗು ಈಗ ಇಂಜಿನಿಯರಿಂಗ್ ಮುಗಿಸ್ತಿದಾನೆ, ಭಾವ ನಮ್ಮ ಗೃಹಪ್ರವೇಶಕ್ಕೆ ಎರಡು ದಿನ ಮೊದ್ಲೇ ಬಂದು ಚಪ್ಪರ ಹಾಕ್ಸಿದ್ರು, ನೀನೇ ನೋಡ್ದೆ. ಹತ್ತೊಂಬತ್ತು ವರ್ಷದಲ್ಲಿ ಆ ದಾರಿ ಬಗ್ಗೆ ನಮ್ಮನೇಲಿ ಒಬ್ರೂ ಬಾಯಿ ಬಿಟ್ಟಿಲ್ಲ.

ಕತೆ ಪೂರ್ತಿ ಓದಕ್ಕೆ ನಂಗೆ ನಾಲ್ಕು ದಿನ ಬೇಕಾಯ್ತು. ಸೀಮೆಎಣ್ಣೆ, ಆ ದೊಡ್ಡ ಮಗಳು ಸಲ್ಮಾ ಎದ್ದು ಬರೋದು, ಅದನ್ನೆಲ್ಲ ನಾನಿಲ್ಲಿ ಬರಿಯಲ್ಲ. ಮಕ್ಕಳು ತಡೀತಾರೆ, ಅಷ್ಟೆ. ಅಣ್ಣ ತಮ್ಮಂದ್ರು ಅಷ್ಟು ಹೊತ್ತಿಗೆ ಮನೆಗೆ ಹೋಗಿ ಊಟ ಮಾಡಿ ಮಲಗಿರ್ತಾರೇನೋ ಅಂತ ನಂಗನ್ನಿಸ್ತು. ಕತೇಲಿ ಹಂಗಂತ ಇಲ್ಲ, ನಾನೇ ಹಂಗೆ ಮಾಡಿದ್ರಿಂದ.

ಬಜಾರಿಗೆ ಹೋಗಿ ಕನ್ನಡದ ಪ್ರತಿ ತಂದೆ. ಅಕ್ಕನ ಮನೆ ಕಡೆ ಹೋಗೋ ನಮ್ಮ ಗಿರಾಕಿ ಒಬ್ರ ಕೈಲಿ ಉಪ್ಪಿನಕಾಯಿ ಮಿಡಿ ಜೊತೆ ಕಳ್ಸಿದೆ, ಏನೂ ಬರೀದೆ. ಎರಡು ವಾರ ಸುದ್ದಿ ಇಲ್ಲ. ಹೋದ ಭಾನುವಾರ ನಾನೇ ಫೋನ್ ಮಾಡ್ದೆ. ಮಳೆ, ಕೊಳೆರೋಗ, ಅಡಿಕೆಗೆ ಬೋರ್ಡೋ ಔಷಧಿ ಹೊಡ್ದಿದ್ದು, ಮಗನ ಕ್ಯಾಂಪಸ್ ಇಂಟರ್ವ್ಯೂ ಎಲ್ಲ ಆಯ್ತು. ಇಡೋ ಹೊತ್ತಿಗೆ "ಆ ಪುಸ್ತಕ ಓದ್ದೆ ಕಣೋ" ಅಂದ್ಲು. ನಾನು ಹ್ಞೂಂ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ಲು, "ಅವತ್ತು ನೀನು ಟೇಪ್ ಹಾಕಿದ್ದೆ ನೋಡು. ಸಾಗರ ಬರೋ ತನಕ."

ನಂಗೆ ನೆನಪೇ ಇಲ್ಲ ಸತೀಶ. ಯಾವ ಹಾಡು ಅಂತ ಕೇಳಕ್ಕೂ ಬಾಯಿ ಬರ್ಲಿಲ್ಲ. ಅಷ್ಟೊತ್ತಿಗೆ ಅವಳು, ಮಿಡಿ ಈ ಸಲ ಚೆನ್ನಾಗಿದೆ, ಇನ್ನೊಂದು ಕೆಜಿ ಸಿಕ್ಕಿದ್ರೆ ಕಳ್ಸು ಅಂತಿದ್ಲು.

ಇಂಗ್ಲಿಷ್ ಪ್ರತಿ ವಾಪಸ್ ಬೇಕಿದ್ರೆ ಹೇಳು, ಶುಕ್ರವಾರ ನಮ್ಮ ಹುಡುಗ ಬೆಂಗಳೂರಿಗೆ ಬರ್ತಾನೆ, ಅವನ ಕೈಲಿ ಕೊಡ್ತೀನಿ. ಉಳಿದ ಮೂರು ಕೊಡಲ್ಲ. ಮುಂದಿನ ಸಲ ಬರ್ವಾಗ ಅಕ್ಕಂಗೂ ಒಂದೆರಡು ತಾ, ಅವಳು ಏನು ಓದ್ತಾಳೆ ಅಂತ ನಂಗೆ ಗೊತ್ತಿಲ್ಲ, ನೀನೇ ಫೋನ್ ಮಾಡಿ ಕೇಳು.

ಇಂತಿ,
ನಿನ್ನ ಮಂಡಿ ದೋಸ್ತ