ನನ್ನ ಕಾಲ ಕೆಳಗೆ ನೆಲ ಹಾಕಿಕೊಟ್ಟವರಿಗೆ

ನಿನ್ನೆ ಸಂಜೆ ನಾಲ್ಕು ತಿಂಗಳ ಮೇಲೆ ಜಿಗಿದೆ. ಎಂಟೇ ಎಂಟು ಸಲ. ನೋವಾಗಲಿಲ್ಲ. ಅವ್ವ ಅತ್ತಳು, ನಾನೂ ಅತ್ತೆ.

ಯುರೋಪಿನ ಶಾಸ್ತ್ರೀಯ ನೃತ್ಯ ಬ್ಯಾಲೆ ಕಲಿಯುತ್ತೇನೆ ಅಂದರೆ ನಮ್ಮ ಬೆಳಗಾವಿಯಲ್ಲಿ ಭರತನಾಟ್ಯ ಅಲ್ವಾ ಅಂತ ಕೇಳುತ್ತಾರೆ. ಟೀಚರ್ ಬೆಂಗಳೂರಲ್ಲಿದ್ದಾರೆ. ವಾರಕ್ಕೆ ಮೂರು ದಿನ ಮೊಬೈಲಿನಲ್ಲಿ ಕ್ಲಾಸ್, ತಿಂಗಳಿಗೊಮ್ಮೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ. ಉಳಿದ ಅಭ್ಯಾಸವೆಲ್ಲ ಖಾಸಬಾಗದ ನಮ್ಮ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ಮೇಲೆ. ತಪ್ಪಾಗಿದ್ದು ಅಲ್ಲೇ. ಬ್ಯಾಲೆಯಲ್ಲಿ ಜಿಗಿತ ಜಾಸ್ತಿ, ಅದಕ್ಕೇ ಸ್ಟುಡಿಯೋಗಳಲ್ಲಿ ಮರದ ನೆಲದ ಕೆಳಗೆ ಟೊಳ್ಳು ಬಿಟ್ಟಿರುತ್ತಾರೆ, ಕಾಲು ಬಿದ್ದಾಗ ನೆಲ ತುಸು ಬಗ್ಗಬೇಕು ಅಂತ. ಕಲ್ಲು ಬಗ್ಗುವುದಿಲ್ಲ. ಪೆಟ್ಟೆಲ್ಲ ಮೊಣಕಾಲ ಕೆಳಗಿನ ಎಲುಬಿಗೆ ಬಂತು. ಶಿನ್ ಸ್ಪ್ಲಿಂಟ್ ಅಂದರು. ವರ್ಷಗಟ್ಟಲೆ ಕಾದು, ಪಾದಕ್ಕೆ ಬಲ ಬಂದಿದೆ ಅಂತ ಟೀಚರ್ ಒಪ್ಪಿದ ಮೇಲೆ ಕೊಂಡ ಪಾಯಿಂಟ್ ಶೂ, ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವ ಬೂಟು, ಅಟ್ಟ ಸೇರಿತು.

ಆಗ ಬಂದವರು ನಮ್ಮ ಓಣಿಯ ಬಡಿಗ ಕಾಕಾ. ಬ್ಯಾಲೆ ಅಂದರೇನು ಅಂತ ಅವರು ಕೇಳಲೇ ಇಲ್ಲ, ನೆಲ ಎಷ್ಟು ಬಗ್ಗಬೇಕು ಅಂತ ಮಾತ್ರ ಕೇಳಿದರು. ರಬ್ಬರ್ ತುಂಡು, ಅದರ ಮೇಲೆ ರೀಪು, ಅದರ ಮೇಲೆ ಎರಡು ಪದರ ಪ್ಲೈವುಡ್. ಮೂರು ಭಾನುವಾರ ಕೆಲಸ ಮಾಡಿದರು, ಕೂಲಿ ಮುಟ್ಟಲಿಲ್ಲ. ಪ್ಲೈವುಡ್ ದುಡ್ಡು ಅಪ್ಪನ ಜೊತೆ ಪವರ್‌ಲೂಮಿನಲ್ಲಿ ದುಡಿಯುವ ಮಾಮಾಗಳದ್ದು. ಸೀರೆಗೆ ಇಷ್ಟು ಅಂತ ಕೂಲಿ ಎಣಿಸುವವರು ಅವರು, ಅದು ಎಂಥ ದುಡ್ಡು ಅಂತ ನನಗೆ ಗೊತ್ತು. ಹಿಮ್ಮಡಿ ಎತ್ತಿ ಇಳಿಸುವುದನ್ನೇ ದಿನಾ ಎಣಿಸಿ ಮಾಡಿಸಿದ ಫಿಸಿಯೋ ಅಕ್ಕಾ, ನಿಮ್ಮನ್ನೂ ಮರೆಯುವುದಿಲ್ಲ.

ದೆಹಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ 2020ರಲ್ಲಿ ಜನ ಕೊಟ್ಟ ದುಡ್ಡಿನಿಂದ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಹೋದರು. ಅದನ್ನು ಎಷ್ಟು ಸಲ ಓದಿದ್ದೆನೋ, ಆ ‘ಜನ’ ಯಾರು ಅಂತ ಯೋಚಿಸಿರಲಿಲ್ಲ. ಈಗ ಓದಿದರೆ ನಿಮ್ಮ ಮುಖಗಳೇ ಕಾಣುತ್ತವೆ.

ಪಿಯುಸಿ ಮುಗಿದ ಮೇಲೆ ಬೆಂಗಳೂರಿಗೆ ಹೋಗಿ ಪೂರ್ತಿ ದಿನ ಕಲಿಯುವ ಆಸೆ ಇದೆ. ಫೀಸು, ಹಾಸ್ಟೆಲ್ಲು ಇನ್ನೂ ಕೂಡಿಬಂದಿಲ್ಲ. ಆದರೆ ಬಿಡುವುದಿಲ್ಲ.

ಶನಿವಾರ ಸಂಜೆ ಎಲ್ಲರೂ ಮನೆಗೆ ಬನ್ನಿ. ಎಂಟು ಜಿಗಿತಕ್ಕಷ್ಟೇ ಅನುಮತಿ ಇದೆ, ಅಷ್ಟನ್ನೂ ನಿಮ್ಮ ಮುಂದೆ ಜಿಗಿಯುತ್ತೇನೆ. ಕಾಕಾ, ನೀವು ಮುಂದೆ ಕೂರಬೇಕು.