ಹಾಸನ ಬ್ರಾಂಚಿನ ಜಿಆರ್‌ಇ ಕ್ಲಾಸ್ ಬಗ್ಗೆ ಕೊನೇ ದೂರು

ಗೆ,
ದೂರು ವಿಭಾಗದ ಮುಖ್ಯಸ್ಥರು,
ಹೆಡ್ ಆಫೀಸ್, ಬೆಂಗಳೂರು

ವಿಷಯ: 2011ರಲ್ಲೇ ಪರೀಕ್ಷೆಯಿಂದ ತೆಗೆದುಹಾಕಿರೋ ಪ್ರಶ್ನೆಗಳನ್ನ ಪಾಠ ಮಾಡಿ 38,000 ರೂಪಾಯಿ ತಗೊಂಡಿದ್ದು, ಕೇಳೋಕೆ ಹೋದಾಗ ನಮ್ಮಪ್ಪನ ಎದುರು ಅವಮಾನ ಮಾಡಿದ್ದು

ಮಾನ್ಯರೆ,

ನಾಲ್ಕು ಸಲ ಫೋನ್ ಮಾಡಿದೀನಿ, ಮೂರು ಮೇಲ್ ಹಾಕಿದೀನಿ, ಪ್ರತಿ ಸಲಾನೂ 24 ಗಂಟೆ ಒಳಗೆ ಕಾಲ್ ಮಾಡ್ತೀವಿ ಮೇಡಂ ಅಂದ್ರು, ನಿಮ್ಮ ಹೆಡ್ ಆಫೀಸಿಂದ ಒಬ್ಬರೂ ಮಾಡಲಿಲ್ಲ. ನಾನು ಜೋರಾಗಿ ಮಾತಾಡೋಳಲ್ಲ, ಇನ್ನೊಂದು ವಾರ ನೋಡೋಣ ಅಂತಾನೇ ಇದ್ದೆ. ಆದ್ರೆ ಮೊನ್ನೆ ಬೆಳಿಗ್ಗೆ ನಿಮ್ಮ ಕಡೆಯಿಂದ ವಾಟ್ಸಾಪ್ ಬಂತು, ನಿಮ್ಮ ದೂರು ಬಗೆಹರಿದಿದೆ, ದಯವಿಟ್ಟು ನಮಗೆ 5 ಸ್ಟಾರ್ ಕೊಡಿ ಅಂತ. ಯಾರು ಬಗೆಹರಿಸಿದ್ರು? ಯಾವತ್ತು? ನನ್ನ ಜೊತೆ ಮಾತೇ ಆಡದೆ ನನ್ನ ದೂರು ಹೇಗೆ ಬಗೆಹರೀತು? ಅದನ್ನ ಓದಿದ ಮೇಲೆ ಈ ಪತ್ರ ಬರೀತಿದೀನಿ, ಇದಾದ ಮೇಲೆ ನಾನು ಫೋನ್ ಮಾಡಲ್ಲ.

ನಾನು ಬೇಲೂರು ಕಡೆಯೋಳು. ಹತ್ತನೇ ಕ್ಲಾಸ್ ತನಕ ಊರಿನ ಸರ್ಕಾರಿ ಶಾಲೇಲಿ ಕನ್ನಡ ಮೀಡಿಯಂ, ಆಮೇಲೆ ಸೈನ್ಸ್, ಆಮೇಲೆ ಹಾಸನದಲ್ಲೇ ಸಿವಿಲ್ ಇಂಜಿನಿಯರಿಂಗ್. ನೀರಾವರಿ ವಿಷಯದಲ್ಲಿ ಹೊರದೇಶದಲ್ಲಿ ಎಂಎಸ್ ಮಾಡಬೇಕು ಅಂತ ಆಸೆ, ಅದಕ್ಕೆ ಅಲ್ಲಿನ ಕಾಲೇಜುಗಳು ನೋಡೋ ಜಿಆರ್‌ಇ ಪರೀಕ್ಷೆ ಬರೀಬೇಕು. ಮ್ಯಾಥ್ಸ್ ಬಗ್ಗೆ ಭಯ ಇರಲಿಲ್ಲ, ಭಯ ಇದ್ದಿದ್ದೆಲ್ಲ ವರ್ಬಲ್ ಬಗ್ಗೆ, ಅಂದ್ರೆ ಇಂಗ್ಲಿಷ್ ಪದಗಳು ಮತ್ತೆ ಓದಿ ಅರ್ಥ ಮಾಡ್ಕೊಳೋದು. ಆ ಭಯಕ್ಕೇ ನಿಮ್ಮ ಹತ್ರ ಬಂದಿದ್ದು. ಜುಲೈ ಕೊನೇಲಿ ನಿಮ್ಮ ಹಾಸನ ಬ್ರಾಂಚಲ್ಲಿ ಕೌನ್ಸೆಲರ್ ಹೇಳಿದ್ದು ಇಷ್ಟು, ನೂರಕ್ಕೆ ನೂರು ಲೇಟೆಸ್ಟ್ ಪ್ಯಾಟರ್ನ್, ನೀವು ಏನೂ ಯೋಚನೆ ಮಾಡ್ಬೇಡಿ, 3,500 ಪದ ಬಾಯಿಪಾಠ ಮಾಡಿಸ್ತೀವಿ. ಅಪ್ಪ ಶುಂಠಿ ಮಾರಿದ ದುಡ್ಡಲ್ಲಿ ಮೊದಲು 20,000, ಸೆಪ್ಟೆಂಬರ್‌ನಲ್ಲಿ 18,000 ಕಟ್ಟಿದ್ರು. ಜಿಎಸ್‌ಟಿ ಬಿಲ್ ಕೇಳಿದ್ರೆ ಕೈಬರಹದ ಚೀಟಿ ಕೊಟ್ರು. ಕೋಚಿಂಗ್ ಫೀಸಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ ಅನ್ನೋದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಪುಸ್ತಕ ಕೊಟ್ರು. ಮೇಲೆ ಹೊಳೆಯೋ ಸ್ಟಿಕರ್, ಹೊಸ ಪ್ಯಾಟರ್ನ್ ಅಂತ. ದಿನಕ್ಕೆ 100 ಪದ ಕಲೀಬೇಕು, ಮಾರನೇ ದಿನ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳ್ತಿದ್ರು, ಪದ ಹೇಳಿದ್ರೆ ವಿರುದ್ಧ ಪದ ಹೇಳಬೇಕು, ಜೋಡಿ ಹೇಳಿದ್ರೆ ಅದೇ ಥರದ ಇನ್ನೊಂದು ಜೋಡಿ ಹೇಳಬೇಕು. ನಾನು ಬೆಳಿಗ್ಗೆ ಆರೂವರೆ ಬಸ್ಸಲ್ಲಿ ಕೂತು ಹಾಸನ ಬರೋ ತನಕ ಪದ ಓದ್ತಾ ಬರ್ತಿದ್ದೆ, ಸೀಟ್ ಸಿಗದಿದ್ರೆ ಕಂಬಿ ಹಿಡ್ಕೊಂಡು ಒಂದೇ ಕೈಲಿ ಪುಸ್ತಕ ಹಿಡಿದು ಓದ್ತಿದ್ದೆ. ಎರಡು ತಿಂಗಳು ಹೀಗೇ ಆಯ್ತು.

ಅಕ್ಟೋಬರ್ ಮೊದಲ ವಾರ ಪರೀಕ್ಷೆ ನಡೆಸೋ ಇಟಿಎಸ್ ಸಂಸ್ಥೆಯವರ ವೆಬ್‌ಸೈಟಲ್ಲಿ ಪವರ್‌ಪ್ರೆಪ್ ಅಂತ ಫ್ರೀ ಟೆಸ್ಟ್ ಎರಡು ಇದೆ ಅಂತ ಗೊತ್ತಾಯ್ತು. ಅದು ಇದೆ ಅಂತಾನೂ ನಿಮ್ಮ ಕ್ಲಾಸಲ್ಲಿ ಒಂದು ದಿನ ಹೇಳಿರಲಿಲ್ಲ. ಅಣ್ಣನ ಲ್ಯಾಪ್‌ಟಾಪಲ್ಲಿ ಕೂತೆ. ವಿರುದ್ಧ ಪದ ಒಂದೂ ಬರಲಿಲ್ಲ. ಜೋಡಿ ಪದ ಒಂದೂ ಬರಲಿಲ್ಲ. ಲ್ಯಾಪ್‌ಟಾಪ್ ಏನೋ ಎಡವಟ್ಟು ಮಾಡಿದೆ ಅನ್ಕೊಂಡೆ, ಆಮೇಲೆ ಅವರ ಸೈಟಲ್ಲೇ ಓದಿದ ಮೇಲೆ ಗೊತ್ತಾಗಿದ್ದು, ಆ ಎರಡೂ ಥರದ ಪ್ರಶ್ನೆಗಳನ್ನ 2011ರ ಆಗಸ್ಟಲ್ಲೇ ತೆಗೆದುಬಿಟ್ಟಿದಾರೆ. ಆಗ ನಾನು ಒಂದನೇ ಕ್ಲಾಸಲ್ಲಿದ್ದೆ. ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಪುಸ್ತಕ ತಗೊಂಡು ಸ್ಟಿಕರ್ ಒಂದು ಮೂಲೆಯಿಂದ ಕಿತ್ತೆ. ಕೆಳಗೆ ಹಳೇ ಕವರ್, ಒಳಗೆ ಮಾರ್ಕ್ಸಿನ ಪಟ್ಟಿ ನೋಡಿದ್ರೆ 200ರಿಂದ 800 ತನಕ. ಈಗ ಇರೋದು 130ರಿಂದ 170. ಎರಡು ತಿಂಗಳು ಆ ಪುಟ ನನ್ನ ಕೈಲೇ ಇತ್ತು, ನಿಮ್ಮನ್ನ ನಂಬಿದ್ದಕ್ಕೆ ನಾನು ಅದನ್ನ ನೋಡೋಕೂ ಹೋಗಿರಲಿಲ್ಲ.

ಅಷ್ಟೇ ಅಲ್ಲ. 2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆ ಇನ್ನೂ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ. ಪ್ರಬಂಧ ಒಂದೇ, ವಾದದಲ್ಲಿ ತಪ್ಪು ಹುಡುಕೋ ಎರಡನೇ ಪ್ರಬಂಧ ತೆಗೆದುಬಿಟ್ಟಿದಾರೆ, ಆದ್ರೆ ನಿಮ್ಮ ಹಾಸನ ಬ್ರಾಂಚಲ್ಲಿ ಅದೇ ಎರಡನೇ ಪ್ರಬಂಧ ನಮ್ಮ ಕೈಲಿ ಎರಡು ವಾರ ಬರೆಸಿದ್ರು. ವರ್ಬಲ್ ಅಂದ್ರೆ ಈಗ 27 ಪ್ರಶ್ನೆ, ಮೊದಲ ಭಾಗದಲ್ಲಿ 12 ಪ್ರಶ್ನೆಗೆ 18 ನಿಮಿಷ, ಎರಡನೇದರಲ್ಲಿ 15ಕ್ಕೆ 23 ನಿಮಿಷ, ಮೊದಲ ಭಾಗ ಹೇಗೆ ಮಾಡ್ತೀವೋ ಅದರ ಮೇಲೆ ಎರಡನೇ ಭಾಗ ಸುಲಭವೋ ಕಷ್ಟವೋ ಅಂತ ನಿರ್ಧಾರ ಆಗುತ್ತೆ. ಇಷ್ಟು ಮುಖ್ಯವಾದ ವಿಷಯ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಖಾಲಿ ಜಾಗ ತುಂಬೋ ಪ್ರಶ್ನೇಲಿ ಮೂರು ಜಾಗ ಇದ್ರೆ ಮೂರೂ ಸರಿ ಇರಬೇಕು, ಎರಡು ಸರಿ ಮಾಡಿದ್ರೆ ಅರ್ಧ ಮಾರ್ಕ್ಸೂ ಇಲ್ಲ. ಇನ್ನೊಂದು ಥರದ್ದರಲ್ಲಿ ಆರು ಪದ ಕೊಟ್ಟು ಎರಡನ್ನ ಆರಿಸು ಅಂತಾರೆ, ಅರ್ಥ ಒಂದೇ ಇರೋ ಎರಡು ಪದ ಕಂಡ ತಕ್ಷಣ ಒತ್ತಿದ್ರೆ ತಪ್ಪಾಗುತ್ತೆ, ಯಾಕಂದ್ರೆ ಆ ಜೋಡಿ ವಾಕ್ಯಕ್ಕೆ ಹೊಂದದೇ ಇರಬಹುದು. ವರ್ಬಲ್‌ನಲ್ಲಿ ಸುಮಾರು ಅರ್ಧ ಓದಿ ಅರ್ಥ ಮಾಡ್ಕೊಳೋ ಪ್ರಶ್ನೆಗಳೇ. ನಿಮ್ಮಲ್ಲಿ ಎರಡು ತಿಂಗಳಲ್ಲಿ ಎಷ್ಟು ಪ್ಯಾಸೇಜ್ ಓದಿಸಿದ್ರು ಅಂತ ನೋಟ್ಸ್ ತೆಗೆದು ಎಣಿಸಿದೆ. ಆರು.

ಆ ಫ್ರೀ ಟೆಸ್ಟಲ್ಲಿ ನನಗೆ ವರ್ಬಲ್ 143 ಬಂತು.

ಇದನ್ನೆಲ್ಲ ಪ್ರಿಂಟ್ ತೆಗೆಸ್ಕೊಂಡು ಅಕ್ಟೋಬರ್ 16, ಗುರುವಾರ ಬ್ರಾಂಚಿಗೆ ಬಂದೆ. ಅಪ್ಪನೂ ಬರ್ತೀನಿ ಅಂದ್ರು, ದುಡ್ಡು ಕಟ್ಟಿದೋನು ನಾನಲ್ವಾ ಅಂತ. ಹಾಸನಾಂಬ ದರ್ಶನದ ಟೈಮು, ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಅಪ್ಪ ಬೇಲೂರಿಂದ ನಿಂತ್ಕೊಂಡೇ ಬಂದ್ರು. ಬ್ರಾಂಚ್ ಮ್ಯಾನೇಜರ್ ಬರೋದು ಹನ್ನೊಂದಕ್ಕೆ ಅಂತ ಒಂದು ಗಂಟೆ ಹೊರಗೆ ಕೂರಿಸಿದ್ರು. ಇದ್ದಿದ್ದು ಎರಡೇ ಚೇರ್, ಅದರಲ್ಲಿ ಒಂದರ ಮೇಲೆ ನಿಮ್ಮ ಪಾಂಪ್ಲೆಟ್ ಕಟ್ಟು. ಅಪ್ಪ ಅದನ್ನ ಮುಟ್ಟಲಿಲ್ಲ, ಗೋಡೆಗೆ ಒರಗಿ ನಿಂತಿದ್ರು.

ಒಳಗೆ ಕರೆದ ಮೇಲೆ ನಡೆದಿದ್ದನ್ನ ನಾನು ಮನೆಗೆ ಬಂದು ಅವತ್ತು ರಾತ್ರಿನೇ ಬರೆದಿಟ್ಟಿದೀನಿ, ಅದನ್ನೇ ಇಲ್ಲಿ ಹಾಕ್ತಿದೀನಿ. ಗಾಜಿನ ಟೇಬಲ್, ಈ ಕಡೆ ಒಂದೇ ಚೇರ್, ಅಪ್ಪನಿಗೆ ಕೂರಿ ಅಂದೆ, ಅವರು ಕೂರಲಿಲ್ಲ. ಬಾಗಿಲು ತೆಗೆದೇ ಇತ್ತು, ಹೊರಗಿನ ಹಾಲಲ್ಲಿ ಹನ್ನೊಂದೂವರೆ ಬ್ಯಾಚಿನವರು ಹದಿನಾಲ್ಕು ಜನ ಕಾಯ್ತಿದ್ರು, ಎಲ್ಲಾ ಕೇಳಿಸ್ತಿತ್ತು. ನಾನು ಪ್ರಿಂಟ್ ಇಟ್ಟು, ಸರ್ ವಿರುದ್ಧ ಪದ, ಜೋಡಿ ಪದ ಪರೀಕ್ಷೇಲಿ ಇಲ್ಲ ಅಂದೆ. ಅವರು ಪ್ರಿಂಟ್ ಕಡೆ ನೋಡಲೇ ಇಲ್ಲ.

"ಎಲ್ಲಿ ತನಕ ಕನ್ನಡ ಮೀಡಿಯಮ್ಮು ನೀನು?" ಅಂದ್ರು.

ಹತ್ತನೇ ಕ್ಲಾಸ್ ತನಕ ಸರ್ ಅಂದೆ.

"ಅದೇ ನೋಡು ಪ್ರಾಬ್ಲಮ್ಮು, ನಮ್ಮ ಪುಸ್ತಕದ್ದಲ್ಲ" ಅಂದು ತಮ್ಮ ಮೊಬೈಲಲ್ಲಿ ಏನೋ ತೆಗೆದು ನನ್ನ ಕೈಗೆ ಕೊಟ್ರು, "ಓದು ಜೋರಾಗಿ, ನಿಮ್ಮಪ್ಪನೂ ಕೇಳಲಿ."

ಓದಿದೆ. ಯಾವುದೋ ಕವಿಯ ಪತ್ರಗಳ ಬಗ್ಗೆ ಇದ್ದ ಪ್ಯಾರಾ. ನಾಲ್ಕನೇ ಸಾಲಲ್ಲಿ ಒಂದು ಪದ ಬಂತು, ನಾನು ಅದನ್ನ ಹೈಪರ್‌ಬೋಲ್ ಅಂತ ಓದಿದೆ. ಅದನ್ನ ಹೈಪರ್ಬಲಿ ಅನ್ನಬೇಕಂತೆ. ನಾನು ಆ ಪದನ ಯಾರ ಬಾಯಲ್ಲೂ ಕೇಳಿರಲಿಲ್ಲ, ನಿಮ್ಮ ಕ್ಲಾಸಲ್ಲೂ ಇಲ್ಲ, ಕಣ್ಣಲ್ಲಿ ಓದಿದ್ದೆ ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಕೌನ್ಸೆಲರ್ ಕಿಸಕ್ಕನೆ ನಕ್ಕುಬಿಟ್ರು. ಮ್ಯಾನೇಜರ್ "ಬೋಲಾ? ಅನ್ನ ಹಾಕ್ಕೊಳೋ ಬೋಲಾ?" ಅಂತ ಜೋರಾಗಿ ಅಂದ್ರು, ಹಾಲಲ್ಲಿದ್ದೋರೂ ಒಂದಿಬ್ಬರು ನಕ್ರು. ಆಮೇಲೆ ನಮ್ಮಪ್ಪನ ಕಡೆ ತಿರುಗಿ "ಯಜಮಾನ್ರೆ, ಅಡಿಪಾಯನೇ ಇಲ್ಲ, ನಾವು ಮಹಡಿ ಕಟ್ಟೋದು ಹೇಗೆ ಹೇಳಿ" ಅಂದ್ರು.

ಅಪ್ಪ ಓದಿರೋದು ಏಳನೇ ಕ್ಲಾಸು. ಅವರು ಕೋಪ ಮಾಡ್ಕೊಳ್ಳಲಿಲ್ಲ, ಕೈ ಕಟ್ಕೊಂಡೇ ಹೇಳಿದ್ರು, "ಸಾರ್, ಅವ್ಳು ಓದಿದ್ ರೀತಿ ಇರ್ಲಿ, ಓದಿದ್ರಲ್ಲಿ ಏನದೆ ಅಂತ ಕೇಳಿ ಸಾರ್, ಹೇಳ್ತಾಳೆ."

ಕೇಳಲಿಲ್ಲ ಸರ್. ನಿಮ್ಮ ಮ್ಯಾನೇಜರ್ ಅದನ್ನ ಕೇಳಲಿಲ್ಲ. ಮೊಬೈಲ್ ನನ್ನ ಕೈಯಿಂದ ತಗೊಂಡು, ಫೀಸ್ ವಾಪಸ್ ಕೊಡೋ ಪಾಲಿಸಿ ಇಲ್ಲ, ಬೇಕಿದ್ರೆ ಇನ್ನೊಂದು 12,000 ಕಟ್ಟಿ ಸ್ಪೋಕನ್ ಇಂಗ್ಲಿಷಿಗೆ ಹಾಕಿ ಅಂದು ಎದ್ದು ಹೋದ್ರು.

ನಮ್ಮಪ್ಪ ಕೇಳಿ ಅಂದಿದ್ದನ್ನೇ ಆ ಪರೀಕ್ಷೆ ಕೇಳೋದು. ಜಿಆರ್‌ಇನಲ್ಲಿ ಬಾಯಿ ಬಿಡೋ ಹಾಗೇ ಇಲ್ಲ, ಉಚ್ಚಾರಣೆಗೆ ಒಂದು ಮಾರ್ಕ್ಸೂ ಇಲ್ಲ. ಪ್ಯಾಸೇಜ್ ಕೊಟ್ಟು ಇದರಲ್ಲಿ ಬರೆದೋರು ಏನು ಹೇಳ್ತಿದಾರೆ, ಈ ವಾಕ್ಯ ಇಲ್ಲಿ ಯಾಕೆ ಬಂದಿದೆ, ಯಾವುದನ್ನ ಒಪ್ತಾರೆ ಯಾವುದನ್ನ ಒಪ್ಪಲ್ಲ ಅಂತ ಕೇಳ್ತಾರೆ, ಉತ್ತರ ಆ ಪ್ಯಾಸೇಜಿನ ಒಳಗಿಂದಾನೇ ಬರಬೇಕು. ನನಗೆ ಆ ಪ್ಯಾರಾ ಪೂರ್ತಿ ಅರ್ಥ ಆಗಿತ್ತು. ಅವರು ನಕ್ಕ ಪದದ ಅರ್ಥ ಅತಿಶಯೋಕ್ತಿ. ಹೈಸ್ಕೂಲಲ್ಲಿ ನಮ್ಮ ಕನ್ನಡ ಮೇಷ್ಟ್ರು ಕಾವ್ಯದಲ್ಲಿ ಅದು ಯಾಕೆ ಬರುತ್ತೆ, ಕವಿ ಸುಳ್ಳು ಹೇಳ್ತಿಲ್ಲ, ಹಿಗ್ಗಿಸಿ ಹೇಳ್ತಿದಾನೆ ಅಂತ ಬಿಡಿಸಿ ಬಿಡಿಸಿ ಹೇಳಿದ್ರು. ಆ ಪ್ಯಾರಾದಲ್ಲೂ ಇದ್ದಿದ್ದು ಅದೇ ಮಾತು, ಆ ಕವಿ ಪತ್ರದಲ್ಲಿ ಬರೆದ ಬಡತನನ ಅಕ್ಷರಶಃ ತಗೋಬೇಡಿ ಅಂತ.

ಕನ್ನಡ ಮೀಡಿಯಂ ಅಂದ್ರೆ ಓದೋಕೆ ಬರಲ್ಲ ಅಂತ ಯಾರು ಹೇಳಿದ್ದು ನಿಮಗೆ? ನಮ್ಮಜ್ಜಿ ಯಾರ ಬಗ್ಗೆನಾದ್ರೂ "ಹುಡುಗ ಓದಿರೋನೇನೋ ಹೌದು" ಅಂತ ಶುರು ಮಾಡಿದ್ರೆ ಮುಂದೆ ಒಂದು "ಆದ್ರೆ" ಬರುತ್ತೆ ಅಂತ ಮನೇಲಿ ಚಿಕ್ಕ ಮಕ್ಕಳಿಗೂ ಗೊತ್ತು, ಆ "ಏನೋ" ಅನ್ನೋ ಎರಡಕ್ಷರದಲ್ಲೇ ಗೊತ್ತಾಗಿಬಿಡುತ್ತೆ. ಖಾಲಿ ಜಾಗದ ಪ್ರಶ್ನೆ ಅಂದ್ರೆ ಇದೇ, ವಾಕ್ಯ ಎಲ್ಲಿ ತಿರುಗುತ್ತೆ ಅಂತ ಹಿಡಿಯೋದು, ಇಂಗ್ಲಿಷಲ್ಲಿ ಆಲ್ದೋ ಅಂತ ಶುರುವಾದ್ರೂ ಅದೇ ತಿರುವು. ಪದಗಳ ವಿಷಯಾನೂ ಹಾಗೇ. ಕಾಲು ಕೆಜಿ ಶುಂಠಿ ಅಂದ್ರೆ ಯಾರೂ ಪಾದ ನೋಡ್ಕೊಳಲ್ಲ. ಆ ಪರೀಕ್ಷೇಲೂ ಸುಲಭದ ಪದಗಳನ್ನೇ ಬೇರೆ ಅರ್ಥದಲ್ಲಿ ಕೊಡ್ತಾರೆ, ಕ್ವಾಲಿಫೈ ಅಂದ್ರೆ ಪಾಸಾಗೋದಲ್ಲ, ಹೇಳಿದ ಮಾತಿಗೆ ಮಿತಿ ಹಾಕೋದು, ಫ್ಲ್ಯಾಗ್ ಅಂದ್ರೆ ಬಾವುಟ ಅಲ್ಲ, ಸೊರಗೋದು, ಎಕಾನಮಿ ಅಂದ್ರೆ ದೇಶದ ಆರ್ಥಿಕತೆ ಅಲ್ಲ, ಮಾತಲ್ಲೋ ಖರ್ಚಲ್ಲೋ ಹಿಡಿತ. ನಿಮ್ಮ 3,500 ಪದದ ಪಟ್ಟೀಲಿ ಈ ಮೂರೂ ಇಲ್ಲ, ನಾನು ಒಂದೊಂದು ಪುಟನೂ ನೋಡಿದೀನಿ. ಇದನ್ನ ಯಾರಾದ್ರೂ ಮೊದಲ ದಿನ ಕೂರಿಸ್ಕೊಂಡು ಹೇಳಿದ್ದಿದ್ರೆ ನಾನು ಎರಡು ತಿಂಗಳು ಬಸ್ಸಲ್ಲಿ ಕಣ್ಣು ಹಾಳು ಮಾಡ್ಕೋತಿರಲಿಲ್ಲ. ಪದ ಕಲೀಬಾರದು ಅಂತ ನಾನು ಹೇಳ್ತಿಲ್ಲ, ಕಲೀಲೇಬೇಕು, ನನಗೆ ಪದಗಳು ಇಷ್ಟ, ಆದ್ರೆ ಪದ ವಾಕ್ಯದಲ್ಲಿ ಬದುಕಿರುತ್ತೆ, ಪಟ್ಟೀಲಿ ಅಲ್ಲ.

ಅವತ್ತು ಬಸ್ ಸ್ಟ್ಯಾಂಡಲ್ಲಿ ಅಪ್ಪ ನನ್ನ ಮುಖ ನೋಡಲಿಲ್ಲ. ಬಸ್ ಹತ್ತಿದ ಮೇಲೆ, ನನ್ನಿಂದ ಮಾನ ಹೋಯ್ತೇನವ್ವ ನಿಂಗೆ, ನಾನ್ ಬರಬಾರ್ದಿತ್ತು ಅಂದ್ರು. ದುಡ್ಡು ಬಿಡಿ, ಈ ಮಾತನ್ನ ನಾನು ಹೇಗೆ ಮರೀಲಿ?

ಆಮೇಲೆ ನಾನು ನಿಮ್ಮ ಕ್ಲಾಸಿಗೆ ಬಂದಿಲ್ಲ. ಮನೇಲೇ ದಿನಾ ಇಂಗ್ಲಿಷ್ ಪೇಪರಿನ ಸಂಪಾದಕೀಯ, ವಿಜ್ಞಾನದ ಲೇಖನ ಓದಿ, ಪ್ರತಿ ಪ್ಯಾರಾಗೂ ಇದು ಏನು ಹೇಳ್ತು ಅಂತ ಕನ್ನಡದಲ್ಲಿ ಒಂದೇ ವಾಕ್ಯ ಬರೆದೆ. ನವೆಂಬರ್ 14ಕ್ಕೆ ಎರಡನೇ ಫ್ರೀ ಟೆಸ್ಟ್ ತಗೊಂಡೆ, 150 ಬಂತು. ನಾಲ್ಕು ವಾರದ್ದು ಇದು. ನೀವು ತಿಂದಿರೋ ಎರಡು ತಿಂಗಳೂ ಇದ್ದಿದ್ರೆ ಎಷ್ಟಾಗ್ತಿತ್ತು ಅಂತ ನನಗೆ ದಿನಾ ಅನ್ಸುತ್ತೆ. ಪರೀಕ್ಷೆ ಡಿಸೆಂಬರ್‌ನಲ್ಲಿ ಬುಕ್ ಆಗಿದೆ, ಆ ಎರಡು ತಿಂಗಳನ್ನ ನೀವು ವಾಪಸ್ ಕೊಡೋಕೆ ಆಗಲ್ಲ.

ಈಗ ದುಡ್ಡಿನ ವಿಷಯ. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಫೀಸನ್ನ ಹತ್ತು ದಿನದೊಳಗೆ ವಾಪಸ್ ಕೊಡಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರೀಲಿ ಕೋಚಿಂಗ್ ಸೆಂಟರ್‌ಗಳ ಬಗ್ಗೆ ಮಾಡಿದ ಮಾರ್ಗಸೂಚೀಲಿದೆ. ಅದೇ ವರ್ಷ ನವೆಂಬರ್‌ನಲ್ಲಿ ಕೋಚಿಂಗ್‌ನವರ ಸುಳ್ಳು ಜಾಹೀರಾತಿನ ಬಗ್ಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿನೂ ಬಂದಿದೆ. ಇವು ನಿಮಗೆ ಗೊತ್ತಿಲ್ಲ ಅಂತ ನಾನು ನಂಬಲ್ಲ, ಇಷ್ಟು ದೊಡ್ಡ ಕಂಪನಿ ನಡೆಸೋರು ನೀವು. ನನಗೆ ಉಳಿದ ಅವಧಿದಷ್ಟೇ ಸಾಕಾಗಲ್ಲ, ಪೂರ್ತಿ 38,000 ಬೇಕು, ಯಾಕಂದ್ರೆ ನೀವು ಪಾಠ ಮಾಡಿದ್ದು ನಾನು ಬರೆಯೋ ಪರೀಕ್ಷೆಯದ್ದಲ್ಲ. ಜೊತೆಗೆ ನಿಮ್ಮ ಬ್ರಾಂಚ್ ಮ್ಯಾನೇಜರ್ ನಮ್ಮಪ್ಪನಿಗೆ ಕ್ಷಮೆ ಕೇಳಿ ಪತ್ರ ಬರೀಬೇಕು, ಕನ್ನಡದಲ್ಲಿ, ಅಪ್ಪ ತಾವೇ ಓದೋ ಹಾಗೆ.

ಈ ಪತ್ರ ತಲುಪಿದ ಹತ್ತು ದಿನ ನೋಡ್ತೀನಿ. ಆಮೇಲೆ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನಾನು ನಿಮ್ಮನ್ನ ಹುಡುಕ್ಕೊಂಡು ಬೆಂಗಳೂರಿಗೆ ಬರೋ ಹಾಗಿಲ್ಲ, ನಾನಿರೋ ಜಿಲ್ಲೇಲೇ ಕೇಸ್ ಹಾಕಬಹುದು, ಐದು ಲಕ್ಷದ ಒಳಗಿನದಕ್ಕೆ ಶುಲ್ಕಾನೂ ಇಲ್ಲ, ವಕೀಲರಿಲ್ಲದೆ ನಾನೇ ನಿಂತು ಮಾತಾಡಬಹುದು. ಹಾಸನಕ್ಕೆ ನೀವೇ ಬರಬೇಕಾಗುತ್ತೆ. ಬಿಲ್ ಇಲ್ಲದೆ ಫೀಸ್ ತಗೊಂಡ ಚೀಟಿಗಳನ್ನ ಜಿಎಸ್‌ಟಿ ಆಫೀಸಿಗೂ ಕಳಿಸ್ತೀನಿ. ನನ್ನ ಬ್ಯಾಚಲ್ಲಿ ಇನ್ನೂ ಹನ್ನೊಂದು ಜನ ಇದಾರೆ, ಅದೇ ಪುಸ್ತಕ ಅವರ ಕೈಲೂ ಇದೆ, ನಾಲ್ಕು ಜನ ಈಗಾಗ್ಲೇ ನನ್ನ ಜೊತೆ ಸಹಿ ಹಾಕ್ತೀವಿ ಅಂದಿದಾರೆ.

ನಿಮ್ಮ ಬ್ರಾಂಚಿಂದ ಒಬ್ಬರು ಫೋನ್ ಮಾಡಿ, ಬಂದು ಪುಸ್ತಕ ವಾಪಸ್ ಕೊಡಿ, ಏನಾದ್ರೂ ಮಾಡೋಣ ಅಂದ್ರು. ಪುಸ್ತಕ ನಾನು ಕೊಡಲ್ಲ. ಸ್ಟಿಕರ್ ಒಂದು ಮೂಲೆಯಷ್ಟೇ ಕಿತ್ತಿದೀನಿ, ಉಳಿದಿದ್ದು ಹಾಗೇ ಇದೆ. ಆಯೋಗದ ಎದುರಿಗೆ ಅದನ್ನ ನಿಮ್ಮ ಮ್ಯಾನೇಜರ್ ಕೈಯಲ್ಲೇ ಕೀಳಿಸಿ, ಕೆಳಗೆ ಏನಿದೆ ಅಂತ ಜೋರಾಗಿ ಓದಿಸ್ತೀನಿ.

ಇಂತಿ,
ನಿಮ್ಮ ಹಾಸನ ಬ್ರಾಂಚಿನ ಆಗಸ್ಟ್ ಬೆಳಗಿನ ಬ್ಯಾಚಿನ ವಿದ್ಯಾರ್ಥಿನಿ
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ
ನವೆಂಬರ್ 2025